ಹಳೇ ಸಾಮಾನಿನ ಹಿಸ್ಟರಿ – 6: ತಗಡು ಕತ್ತರಿಸೋಕೆ ಏನ್ ತಗೋಬೇಕು?

ಎಣ್ಣೆ ಡಬ್ಬ ಕತ್ತರಿಸಿ ಗಿಡ ನೆಡೋ ರೀಲ್ಸ್ ನೋಡಿರ್ತೀರಲ್ಲ? ಬಹಳಷ್ಟು ಜನರ ಕೈಯಲ್ಲಿ ಆಂಗಲ್ ಗ್ರೈಂಡರ್ ಇರುತ್ತೆ. ಕಿಡಿ ಹಾರುತ್ತೆ, ವಿಡಿಯೋ ಸಖತ್ತಾಗಿ ಬರುತ್ತೆ. ಅದನ್ನ ನೋಡಿ "ನಾನೂ ಒಂದು ಗ್ರೈಂಡರ್ ತಗೊಳ್ಲಾ?" ಅಂತ ನನಗೆ ಮೆಸೇಜ್ ಮಾಡಿದವರಿದ್ದೀರಿ. ಕಾರ್ಟ್‌ಗೆ ಹಾಕಿದ್ರೆ ಹಾಗೇ ಇರಲಿ, ಇದನ್ನ ಓದಿ ಆಮೇಲೆ ದುಡ್ಡು ಕೊಡಿ.

ಮನೇಲಿ ತಗಡು ಕತ್ತರಿಸೋಕೆ ಅಂತಲೇ ಹುಟ್ಟಿದ ಒಂದು ಹಳೇ ಉಪಕರಣ ಯಾವುದು ಗೊತ್ತಾ? ಟಿನ್ ಓಪನರ್! ಅದರ ಕಥೆ ಸ್ವಲ್ಪ ವಿಚಿತ್ರ. ತಗಡಿನ ಡಬ್ಬಿಯಲ್ಲಿ ಆಹಾರ ಇಡೋ ವಿಧಾನಕ್ಕೆ ಪೀಟರ್ ಡುರಾಂಡ್ ಅನ್ನೋರು ಇಂಗ್ಲೆಂಡಿನಲ್ಲಿ ಪೇಟೆಂಟ್ ತಗೊಂಡಿದ್ದು 1810ರಲ್ಲಿ. ಕೆಲವೇ ವರ್ಷದಲ್ಲಿ ಡಾಂಕಿನ್ ಮತ್ತು ಹಾಲ್ ಅನ್ನೋ ಇಬ್ಬರು ಕಾರ್ಖಾನೆ ಹಾಕಿ ಸೈನ್ಯಕ್ಕೆ, ನೌಕಾಪಡೆಗೆ ಡಬ್ಬಿ ಮಾರೋಕೆ ಶುರು ಮಾಡಿದರು. ಆದರೆ ಡಬ್ಬಿ ತೆಗೆಯೋಕೆ ಅಂತಲೇ ಮಾಡಿದ ಓಪನರ್‌ಗೆ ಪೇಟೆಂಟ್ ಸಿಕ್ಕಿದ್ದು 1850ರ ದಶಕದಲ್ಲಿ. ಅಂದ್ರೆ ನಲವತ್ತಕ್ಕೂ ಹೆಚ್ಚು ವರ್ಷ ಜನ ಡಬ್ಬಿ ಕೊಂಡರು, ತೆಗೆಯೋ ಸಾಧನ ಮಾತ್ರ ಇರಲಿಲ್ಲ. ಉಳಿ, ಸುತ್ತಿಗೆ ತಗೊಂಡು ಮುಚ್ಚಳದ ಅಂಚಲ್ಲಿ ಸುತ್ತಲೂ ಹೊಡೀತಿದ್ರು. ಸೈನಿಕರು ಬಯೊನೆಟ್‌ನಲ್ಲೇ ಚುಚ್ಚೋರು.

ಅವರೇನು ದಡ್ಡರಾ? ಅಲ್ಲ. ಆಗಿನ ಡಬ್ಬಿ ದಪ್ಪ ಕಬ್ಬಿಣದ್ದು, ಮೇಲೆ ತವರದ ಲೇಪ. ಆ ದಪ್ಪಕ್ಕೆ ಉಳಿಯೇ ಸರಿಯಾದ ಸಾಧನ. ಡಬ್ಬಿಯ ತಗಡು ತೆಳ್ಳಗಾಗ್ತಾ ಬಂದಾಗಲಷ್ಟೇ ಕೈಬಲದಲ್ಲಿ ಕೊಯ್ಯೋ ಸಾಧನ ಬಂತು. ನನ್ನ ಪ್ರಕಾರ ಈ ಕಥೆಯ ಅಸಲು ವಿಷಯ ಇದೇ: ಮೊದಲು ತಗಡು ಬದಲಾಗುತ್ತೆ, ಆಮೇಲೆ ಸಾಧನ. ನಾವು ಉಲ್ಟಾ ಮಾಡ್ತೀವಿ. ಸಾಧನ ತಂದಿಟ್ಟು ಆಮೇಲೆ ತಗಡು ಹುಡುಕ್ತೀವಿ.

1858ರಲ್ಲಿ ಅಮೆರಿಕದ ಎಜ್ರಾ ವಾರ್ನರ್ ಮಾಡಿದ ಓಪನರ್‌ಗೆ ಚುಚ್ಚೋಕೆ ಒಂದು ಚೂಪು ಮೊನೆ, ತುಂಬಾ ಒಳಗೆ ಹೋಗದಂಗೆ ಒಂದು ತಡೆ, ಸುತ್ತ ಕೊಯ್ಯೋಕೆ ಕುಡುಗೋಲಿನಂಥ ಬ್ಲೇಡ್. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಇದನ್ನ ಬಳಸಿದರು. ಮನೆಯವರಿಗೆ ಮಾತ್ರ ಧೈರ್ಯ ಸಾಲಲಿಲ್ಲ, ಅಂಗಡಿಯವನೇ ಡಬ್ಬಿ ತೆಗೆದು ಕೊಡೋನಂತೆ. ಅಂಚು ಗರಗಸದ ಹಲ್ಲಿನ ಥರ ಏಳ್ತಿತ್ತು. 1870ರಲ್ಲಿ ವಿಲಿಯಂ ಲೈಮನ್ ಬ್ಲೇಡ್ ತೆಗೆದು ತಿರುಗೋ ಚಕ್ರ ಹಾಕಿದ. 1925ರಲ್ಲಿ ಅಂಚನ್ನ ಹಿಡಿದುಕೊಳ್ಳೋಕೆ ಹಲ್ಲಿರೋ ಎರಡನೇ ಚಕ್ರ ಸೇರಿತು. ನಿಮ್ಮಮ್ಮ ಮಿಲ್ಕ್‌ಮೇಡ್ ಡಬ್ಬಿ ತೆಗೆಯೋ ಕೊಕ್ಕಿನಂಥ ಓಪನರ್ ಇದೆಯಲ್ಲ, ಅದು ವಾರ್ನರ್ ಕಡೆಯ ನೆಂಟ. ಚಕ್ರ ಇರೋದು ಲೈಮನ್ ಕಡೆಯದು.

ಈಗ ಕತ್ತರಿ. ಬಟ್ಟೆ ಕತ್ತರಿಯಲ್ಲಿ ತಗಡು ಕತ್ತರಿಸಿ ಮನೇಲಿ ಬೈಸಿಕೊಂಡೋರು ಇಲ್ಲೂ ಇರ್ತೀರಿ. ತಗಡು ಕತ್ತರಿಗೆ ಹಿಡಿ ಉದ್ದ, ಬಾಯಿ ಗಿಡ್ಡ. ಸನ್ನೆಕೋಲಿನ ಲೆಕ್ಕ ಅಷ್ಟೇ, ಕೈಯ ಬಲ ಬಾಯಿಗೆ ಬರೋ ಹೊತ್ತಿಗೆ ಹಲವು ಪಟ್ಟಾಗಿರುತ್ತೆ. ತಗಡಿನ ಕೆಲಸದೋರು ಶತಮಾನಗಳಿಂದ ಇದನ್ನೇ ಬಳಸಿದ್ದು.

ಆಮೇಲೆ ವಿಮಾನ ಬಂತು. ಮರ, ಬಟ್ಟೆಯ ವಿಮಾನಗಳು ಹೋಗಿ 1930ರ ದಶಕದಲ್ಲಿ ಅಲ್ಯೂಮಿನಿಯಂ ತಗಡಿನ ವಿಮಾನಗಳು ಮೇಲೆ ಬಂದವು. ಮೈಯೆಲ್ಲಾ ತಗಡು, ಅದೂ ವಕ್ರವಕ್ರವಾಗಿ. ನಮ್ಮ ಬೆಂಗಳೂರಲ್ಲೂ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. ಇಂಥ ವಿಮಾನ ಕೆಲಸದಿಂದಲೇ "ಏವಿಯೇಷನ್ ಸ್ನಿಪ್" ಅನ್ನೋ ಹೆಸರು ಬಂದಿದ್ದು. ಒಂದು ಕೀಲಿನ ಬದಲು ಜೋಡಿ ಸನ್ನೆ, ಹಾಗಾಗಿ ಸಣ್ಣ ಕತ್ತರಿಗೂ ದೊಡ್ಡ ಬಲ. ಹಿಡಿಯ ಬಣ್ಣಕ್ಕೂ ಅರ್ಥ ಇದೆ: ಕೆಂಪು ಎಡಕ್ಕೆ ತಿರುಗೋಕೆ, ಹಸಿರು ಬಲಕ್ಕೆ, ಹಳದಿ ನೇರಕ್ಕೆ. (ಟ್ರಾಫಿಕ್ ಸಿಗ್ನಲ್ ಅಂದ್ಕೊಂಡು ಕೆಂಪು ಬಿಟ್ಟು ಹಸಿರು ತರಬೇಡಿ.) ಎಡಗೈಯೋರಿಗೆ, ಬಲಗೈಯೋರಿಗೆ ಅಂತಲ್ಲ, ಕತ್ತರಿಸುವಾಗ ತಗಡು ಯಾವ ಕಡೆ ಮಡಿದು ದಾರಿ ಬಿಡಬೇಕು ಅನ್ನೋದರ ಲೆಕ್ಕ ಅದು.

ತಗಡಿನ ನಡುವೆ ತೂತು ಬೇಕಾದ್ರೆ ಕತ್ತರಿ ಆಗಲ್ಲ. ಅದಕ್ಕೆ ಅಕ್ಕಸಾಲಿಗರ ಕೂದಲೆಳೆಯಂಥ ಗರಗಸ. ಸಣ್ಣ ತೂತು ಕೊರೆದು, ಬ್ಲೇಡ್ ಒಳಗೆ ತೂರಿಸಿ, ಆಮೇಲೆ ಚೌಕಟ್ಟಿಗೆ ಬಿಗಿಯೋದು. ಪ್ಯಾರಿಸ್ಸಿನ ಆಂದ್ರೆ ಶಾರ್ಲ್ ಬುಲ್ (1642–1732) ಹೆಸರಿನ ಪೀಠೋಪಕರಣಗಳಲ್ಲಿ ಹಿತ್ತಾಳೆ ತಗಡನ್ನೂ ಆಮೆಚಿಪ್ಪನ್ನೂ ಒಟ್ಟಿಗೆ ಪೇರಿಸಿ ಇಂಥ ಗರಗಸದಲ್ಲೇ ಕೊಯ್ದಿದ್ದು. ಒಂದರ ತೂತಿಗೆ ಇನ್ನೊಂದರ ತುಂಡು ಕರಾರುವಾಕ್ಕಾಗಿ ಕೂರುತ್ತೆ. ವೇಸ್ಟೇಜೇ ಇಲ್ಲ, ನಮ್ಮ ಕಾಸ್ಟಿಂಗ್ ಲೆಕ್ಚರರ್ ನೋಡಿದ್ರೆ ಖುಷಿಪಡ್ತಾರೆ.

ಕೊನೆಗೆ ಗ್ರೈಂಡರ್. ವೇಗವಾಗಿ ತಿರುಗೋ ಇಂದಿನ ರೂಪ ಬಂದಿದ್ದು 1950ರ ದಶಕದ ಜರ್ಮನಿಯಲ್ಲಿ, ಫ್ಲೆಕ್ಸ್ ಕಂಪನಿಯಿಂದ. ಜರ್ಮನರು ಈಗಲೂ ಯಾವ ಕಂಪನಿಯ ಗ್ರೈಂಡರನ್ನೂ "ಫ್ಲೆಕ್ಸ್" ಅಂತಾರೆ, ನಾವು ಜೆರಾಕ್ಸ್ ಅನ್ನೋ ಹಾಗೆ. ಕಂಬಿ, ಪೈಪು, ದಪ್ಪ ಪ್ಲೇಟು ಇದರ ಕೆಲಸ. ತೆಳು ತಗಡು ಕೊಟ್ರೆ ಅದು ಅದುರುತ್ತೆ, ಡಿಸ್ಕ್ ಸಿಕ್ಕಿಹಾಕಿಕೊಂಡು ಮೆಷಿನ್ ನಿಮ್ಮ ಕಡೆಗೇ ಒದೆಯುತ್ತೆ. ಜಿಐ ಶೀಟಾದರೆ ಅಂಚಿನ ಸತುವಿನ ಲೇಪ ಸುಟ್ಟು ಅಲ್ಲಿಂದಲೇ ತುಕ್ಕು. ಇನ್ನು ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಇದ್ದ ಡಬ್ಬ ಖಾಲಿಯಾಗಿದ್ರೂ ಒಳಗೆ ಆವಿ ಉಳಿದಿರುತ್ತೆ. ಒಂದು ಕಿಡಿ ಸಾಕು, ಡಬ್ಬ ಬಾಂಬ್ ಆಗುತ್ತೆ. ಇದನ್ನ ಯಾವ ರೀಲೂ ಹೇಳಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ.

ಹಾಗಾದ್ರೆ ಎಣ್ಣೆ ಡಬ್ಬಕ್ಕೆ? ಅದರ ತಗಡು ಅರ್ಧ ಮಿಲಿಮೀಟರೂ ಇರಲ್ಲ. ಏವಿಯೇಷನ್ ಸ್ನಿಪ್ ಸಾಮಾನ್ಯವಾಗಿ 18 ಗೇಜ್ ಉಕ್ಕಿನ ತನಕ, ಅಂದ್ರೆ ಸುಮಾರು 1.2 ಮಿಲಿಮೀಟರ್ ತನಕ ಕತ್ತರಿಸುತ್ತೆ. (ಗೇಜ್ ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು, ಅಂಗಡೀಲಿ ಕನ್‌ಫ್ಯೂಸ್ ಆಗಬೇಡಿ.) ಒಂದೇ ತಗೊಳ್ಳೋ ಹಾಗಿದ್ರೆ ಹಳದಿ ತಗೊಳ್ಳಿ, ಅಗಲವಾದ ತಿರುವನ್ನೂ ಮಾಡುತ್ತೆ. ಡಬ್ಬದ ಮೇಲಿನ ದಪ್ಪ ಅಂಚನ್ನ ಕತ್ತರಿಸೋಕೆ ಹೋಗಬೇಡಿ. ಅದರ ಕೆಳಗೆ ಉಳಿಯಿಂದ ಒಂದು ಬಾಯಿ ಮಾಡಿ ಅಲ್ಲಿಂದ ಶುರು ಮಾಡಿ. ತಗಡನ್ನ ಕತ್ತರಿಯ ಬಾಯಿಯೊಳಗೆ ಆದಷ್ಟು ಹಿಂದಕ್ಕೆ ತಳ್ಳಿ. ಪ್ರತಿ ಸಲ ಬಾಯಿ ಪೂರ್ತಿ ಮುಚ್ಚಬೇಡಿ, ಮುಚ್ಚಿದ್ರೆ ತುದಿಯಲ್ಲಿ ಮುಳ್ಳಿನಂಥ ಗುರುತು ಬೀಳುತ್ತೆ, ಕೈ ಕೊಯ್ಯೋದು ಅದೇ. ದಪ್ಪ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ, ಮುಗಿದ ಮೇಲೆ ಅಂಚಿಗೆ ಅರ ಹೊಡೀರಿ. ತಳದಲ್ಲಿ ಮೊಳೆಯಿಂದ ನಾಲ್ಕು ತೂತು ಮಾಡೋದನ್ನ ಮರೀಬೇಡಿ, ಇಲ್ಲಾಂದ್ರೆ ಗಿಡ ಕೊಳೆಯುತ್ತೆ.

ಮುಂದಿನ ಕಂತು: ಸ್ಟೇಪ್ಲರ್.