ಹವಳದ ಕೆಂಪು ಎಲ್ಲಿಯದು?

ಕಳೆದ ಬೇಸಗೆಯಲ್ಲಿ ಅಜ್ಜಿಯ ಹವಳದ ಸರದ ದಾರ ಕಡಿಯಿತು. ತಂಗಿಯ ಮದುವೆಗೆ ಅದನ್ನೇ ಕೊಡುವುದೆಂದು ಮೊದಲೇ ಮಾತಾಗಿತ್ತು. ಶಿರಸಿಯ ಮನೆಯ ಜಗಲಿಯಲ್ಲಿ 31 ಹವಳಗಳನ್ನು ಸ್ಟೀಲ್ ತಟ್ಟೆಗೆ ಸುರಿದುಕೊಂಡು ಕೂತಾಗ ಅತ್ತಿಗೆ, ಫೋನಿನಲ್ಲಿ ನೋಡಿದ ಪರೀಕ್ಷೆಯೊಂದನ್ನು ಹೇಳಿದರು: ಅರಿಶಿನದಲ್ಲಿ ತಿಕ್ಕಬೇಕು, ಕೆಂಪಾದರೆ ಅಸಲಿ. ಹಾಲಿನಲ್ಲಿ ಹಾಕಿದರೆ ಹಾಲು ಕೆಂಪಾಗಬೇಕು ಎಂದು ಇನ್ನೊಬ್ಬರು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಆರತಿಗೆ ಓಕುಳಿ ಕಲಸಿದವರಿಗೆಲ್ಲ ಗೊತ್ತು. ಅದು ಕ್ಷಾರವನ್ನು ಹೇಳುತ್ತದೆಯೇ ಹೊರತು ಹವಳವನ್ನಲ್ಲ. ಹಾಲಿಗೆ ಬಣ್ಣ ಬಿಟ್ಟರಂತೂ ಅನುಮಾನವೇ ಹೆಚ್ಚಬೇಕು.

ಹೀಗೆ ನಕ್ಕುಬಿಟ್ಟೆನೇನೋ ನಿಜ. ಆದರೆ ಪಶ್ಚಿಮ ಕರಾವಳಿಯ ವ್ಯಾಪಾರದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ, ಹಳೆಯ ಸರಕುಪಟ್ಟಿಗಳಲ್ಲಿ ‘ಹವಳ’ ಎಂಬುದನ್ನು ಎಷ್ಟೋ ಸಲ ಓದಿರುವ ನನಗೂ ತಟ್ಟೆಯಲ್ಲಿದ್ದುದನ್ನು ಗುರುತಿಸಲು ಬರುತ್ತಿರಲಿಲ್ಲ.

ಲಕ್ಷದ್ವೀಪದ ದಿಬ್ಬಗಳಿಗೂ ಕೊರಳ ಸರಕ್ಕೂ ಕನ್ನಡದಲ್ಲಿ ಒಂದೇ ಪದ. ಆದರೆ ದಿಬ್ಬ ಕಟ್ಟುವ ಹವಳದ ಅಸ್ಥಿ ಬಿಳಿ, ತೂತುತೂತು. ಒಡವೆಯ ಕೆಂಪು ಹವಳ ಬೇರೆಯೇ ಜೀವಿ. ಅದರ ತವರು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರ. ಸಂಸ್ಕೃತದ ‘ಪ್ರವಾಳ’ ಹಳಗನ್ನಡದಲ್ಲಿ ‘ಪವಳ’ವಾಗಿ, ಪಕಾರ ಹಕಾರವಾದಾಗ ‘ಹವಳ’ವಾಯಿತು. ಹೆಸರು ಇಷ್ಟು ನಮ್ಮದಾಗಿದ್ದರೂ ಸರಕು ಮಾತ್ರ ಸದಾ ಹಡಗಿನಲ್ಲಿ ಬಂದದ್ದು. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಭಾರತದವರಿಗೆ ಹವಳದ ಮೇಲೆ ಎಷ್ಟು ಮೋಹವೆಂದರೆ ಅದು ಹುಟ್ಟುವ ನಾಡಿನಲ್ಲೇ ಈಗ ಕಾಣಸಿಗುವುದು ಅಪರೂಪ ಎನ್ನುತ್ತಾನೆ. ಅದೇ ಕಾಲದ ‘ಪೆರಿಪ್ಲಸ್’ ಮುಜಿರಿಸ್, ಬರುಕಚ್ಛದಂಥ ಬಂದರುಗಳ ಆಮದಿನಲ್ಲಿ ಹವಳವನ್ನು ಹೆಸರಿಸುತ್ತದೆ. 16ನೇ ಶತಮಾನದಲ್ಲಿ ವಿಜಯನಗರದ ಪೇಟೆಯ ಬಗ್ಗೆ ಬರೆದ ಪೋರ್ಚುಗೀಸ್ ಬಾರ್ಬೋಸಾನ ಪಟ್ಟಿಯಲ್ಲೂ ಅದಿದೆ.

ನನಗೆ ಹೆಚ್ಚು ಇಷ್ಟವಾದದ್ದು 18ನೇ ಶತಮಾನದ ಕತೆ. ಇಟಲಿಯ ಲಿವೊರ್ನೊದ ಯಹೂದಿ ವ್ಯಾಪಾರಿಗಳು ಲಿಸ್ಬನ್ ದಾರಿಯಾಗಿ ಗೋವೆಗೆ ಹವಳ ಕಳಿಸುತ್ತಿದ್ದರು, ಬದಲಿಗೆ ವಜ್ರ ತರಿಸುತ್ತಿದ್ದರು. ಗೋವೆಯಲ್ಲಿ ಅವರ ಪರವಾಗಿ ವ್ಯವಹರಿಸಿದವರು ಸಾರಸ್ವತ ವರ್ತಕರು. ಚರಿತ್ರಕಾರ್ತಿ ಫ್ರಾನ್ಚೆಸ್ಕಾ ತ್ರಿವೆಲ್ಲಾತೊ ಈ ವ್ಯಾಪಾರದ ಪತ್ರಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಧರ್ಮ ಬೇರೆ, ಮನೆಮಾತು ಬೇರೆ. ನಡುವೆ ಇದ್ದದ್ದು ಪೋರ್ಚುಗೀಸಿನಲ್ಲಿ ಬರೆದ ಕಾಗದ. ಸರಕು ಹೋಗಿ ಬೆಲೆ ಮರಳಲು ವರ್ಷಗಳೇ ಹಿಡಿಯುತ್ತಿದ್ದವು. ಕೆಟ್ಟ ಹವಳ ಕಳಿಸಿದವನ ಹೆಸರು ಎರಡೂ ದಡಗಳಲ್ಲಿ ಕೆಡುತ್ತಿತ್ತು.

ನಮ್ಮವರು ಪರೀಕ್ಷಿಸುತ್ತಿದ್ದುದು ಏನನ್ನು? ಗರುಡಪುರಾಣದ ರತ್ನಪರೀಕ್ಷೆಯ ಭಾಗ ಉತ್ತಮ ಹವಳದ ಕೆಂಪನ್ನು ಮೊಲದ ರಕ್ತ, ಗುಲಗಂಜಿ, ದಾಸವಾಳಕ್ಕೆ ಹೋಲಿಸುತ್ತದೆ. ಅರ್ಥಶಾಸ್ತ್ರ ಆಲಕಂದಕ, ವೈವರ್ಣಿಕ ಎಂಬ ಎರಡು ಬಗೆಯನ್ನು ಹೇಳಿ (ಮೊದಲನೆಯದು ಅಲೆಕ್ಸಾಂಡ್ರಿಯಾದ್ದು ಎಂಬುದು ಸಿಲ್ವಾಂ ಲೆವಿಯ ವಾದ) ಹುಳು ತಿಂದದ್ದನ್ನು, ನಡು ಉಬ್ಬಿದ್ದನ್ನು ಬಿಡಬೇಕೆನ್ನುತ್ತದೆ. ಇವು ಗುಣದ ಪರೀಕ್ಷೆಗಳು. ಎದುರಿಗಿರುವುದು ಹವಳ ಎಂಬುದನ್ನು ಒಪ್ಪಿಕೊಂಡೇ ಮಾತು ಶುರುವಾಗುತ್ತದೆ.

ಇಂದಿನ ಪೇಟೆಯ ತೊಡಕು ಅದಲ್ಲ. ಗಾಜು, ಪ್ಲಾಸ್ಟಿಕ್ಕನ್ನು ಹಿಡಿಯುವುದು ಸುಲಭ: ಗಾಜಿನೊಳಗೆ ಗುಳ್ಳೆ ಕಾಣುತ್ತದೆ, ಪ್ಲಾಸ್ಟಿಕ್ಕು ಕೈಗೆ ಹಗುರ. ಕಷ್ಟವಿರುವುದು ಬಿದಿರು ಹವಳದಲ್ಲಿ. ಬಿದಿರಿನಂತೆ ಗೆಣ್ಣುಗಳಿರುವ ಈ ಹವಳದ ಬಿಳಿ ಭಾಗಕ್ಕೆ ಕೆಂಪು ಬಣ್ಣ ಕುಡಿಸಿ ಮಾರುತ್ತಾರೆ. ‘ಇದು ಹವಳವೇ?’ ಎಂದು ಕೇಳಿದರೆ ಅಂಗಡಿಯವರು ಹೌದೆನ್ನಬಹುದು, ಅದು ಸುಳ್ಳೂ ಅಲ್ಲ. ಕೇಳಬೇಕಾದದ್ದು, ಬಣ್ಣ ಅದರದ್ದೇ ಹೌದೋ ಎಂದು. ಹುಳಿ ಬಿಟ್ಟು ನೊರೆ ಬರುತ್ತದೋ ನೋಡುವ ಪರೀಕ್ಷೆಯೂ ಇಲ್ಲಿ ಸೋಲುತ್ತದೆ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಎರಡರಲ್ಲೂ ನೊರೆ ಏಳುತ್ತದೆ. ಅಸಲಿಯಾಗಿದ್ದರೆ ಒಳ್ಳೆಯ ಹವಳದ ಮೈ ಹಾಳಾದದ್ದೇ ಲಾಭ.

ನೋಡಬೇಕಾದದ್ದು ಗೆರೆಗಳನ್ನು. ಕೆಂಪು ಹವಳದ ಮೇಲೆ ಕೊಂಬೆಯುದ್ದಕ್ಕೂ ಕೂದಲೆಳೆಯಂಥ ಗೆರೆಗಳಿರುತ್ತವೆ. ಬಿದಿರು ಹವಳದ ಗೆರೆ ಒರಟು, ನಡುವಿನ ಅಂತರ ಹೆಚ್ಚು. ಹಾಕಿದ ಬಣ್ಣ ಬಿರುಕುಗಳಲ್ಲಿ, ದಾರದ ತೂತಿನ ಬಾಯಲ್ಲಿ ಗಾಢವಾಗಿ ನಿಂತಿರುತ್ತದೆ. ತೂತಿನ ಬಳಿ, ಕಾಣದ ಕಡೆ, ಅಸಿಟೋನ್ ಮುಟ್ಟಿಸಿದ ಹತ್ತಿಯಿಂದ ಒರೆಸಿದರೆ ಎಷ್ಟೋ ಬಣ್ಣಗಳು ಹತ್ತಿಗೆ ಅಂಟುತ್ತವೆ. ಅಂಟದ ಬಣ್ಣಗಳೂ ಇವೆ. ಆಗ ಪ್ರಯೋಗಾಲಯವೇ ಗತಿ. ಅಲ್ಲಿ ಹವಳದ ಸಹಜ ಕೆಂಪನ್ನು ಗುರುತಿಸುವುದು ರಾಮನ್ ಪರಿಣಾಮದಿಂದ. ಬೆಂಗಳೂರಿಗೆ ಬಂದ ಮೇಲೆ ಸಿ. ವಿ. ರಾಮನ್ ಕಪ್ಪೆಚಿಪ್ಪುಗಳ ಹೊಳಪಿನ ಬೆನ್ನು ಹತ್ತಿದ್ದರು ಎಂಬುದನ್ನು ನೆನೆದರೆ ಈ ನಂಟು ಖುಷಿ ಕೊಡುತ್ತದೆ.

ಅಂದು ಜಗಲಿಯಲ್ಲಿ ನಮ್ಮ ಬಳಿ ಇದ್ದದ್ದು ಭೂತಗನ್ನಡಿ, ಹತ್ತಿ ಮತ್ತು ತಂಗಿಯ ನೇಲ್ ಪಾಲಿಶ್ ರಿಮೂವರ್. 27 ಹವಳಗಳಲ್ಲಿ ಸಣ್ಣ ಗೆರೆಗಳಿದ್ದವು, ಹತ್ತಿ ಬೆಳ್ಳಗೇ ಉಳಿಯಿತು. ಹಲವಕ್ಕೆ ಹುಳು ಕೊರೆದಂಥ ಕುಳಿಗಳಿದ್ದವು. ಕೌಟಿಲ್ಯನಾದರೆ ಖಜಾನೆಗೆ ಸೇರಿಸುತ್ತಿರಲಿಲ್ಲ. ಸಮುದ್ರದಲ್ಲಿ ಸ್ಪಂಜಿನಂಥ ಜೀವಿಗಳು ನಿಜವಾದ ಹವಳವನ್ನೂ ಹೀಗೆ ಕೊರೆಯುತ್ತವೆ. ಕುಳಿಯೊಂದೇ ಸಾಕ್ಷಿಯಾಗದು, ಆದರೂ ಅಂದು ದೋಷವಾಗಿದ್ದದ್ದು ಇಂದು ಅಸಲಿಯ ಪರವಾಗಿ ಮಾತಾಡುತ್ತದೆ. ನಡುವಿನ ನಾಲ್ಕು, ಎಲ್ಲಕ್ಕಿಂತ ನುಣುಪಾದ, ಎಲ್ಲಕ್ಕಿಂತ ಕೆಂಪಾದ ನಾಲ್ಕು, ಹತ್ತಿಯನ್ನು ಗುಲಾಬಿ ಮಾಡಿದವು.

ಯಾರೂ ಮಾತಾಡಲಿಲ್ಲ. ಒಳಗಿಂದ ಬಂದ ಅಜ್ಜಿ ಹತ್ತಿ ನೋಡಿದಳು.

“ಯಂಗೆ ಗೊತ್ತಿದ್ದು ಕೂಸೇ. ಚೊಲೋದು ನಾಲ್ಕು ತೆಗೆದು ಕೊಟ್ಟಿದ್ದೇ ಆನು.”

ಕೊಳೆರೋಗಕ್ಕೆ ಅಡಿಕೆಯೆಲ್ಲ ಉದುರಿಹೋದ ವರ್ಷವಂತೆ. ಅಪ್ಪ ಧಾರವಾಡದಲ್ಲಿ ಓದುತ್ತಿದ್ದ, ಫೀಸು ಕಟ್ಟಬೇಕಿತ್ತು. ದೊಡ್ಡ ಹವಳಗಳು ನಾಲ್ಕೇ ಇದ್ದದ್ದು, ಅವನ್ನೇ ಮಾರಿ ಬದಲಿಗೆ ಇವನ್ನು ಪೋಣಿಸಿಸಿಕೊಂಡಳು. ಅಜ್ಜನಿಗೂ ಹೇಳಿರಲಿಲ್ಲ.

ಕೆಂಪು ಹವಳದ ಕೊಂಬೆ ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ ಎಂದು ಆಮೇಲೆ ಓದಿದೆ. ಆ ನಾಲ್ಕು ಈಗ ಯಾರ ಕೊರಳಲ್ಲಿವೆಯೋ. ತಂಗಿ ಈ ನಾಲ್ಕನ್ನು ಇದ್ದ ಜಾಗದಲ್ಲೇ, ನಡುವಿನಲ್ಲಿ ಪೋಣಿಸಿದಳು. ಬೆವರಿಗೆ ಧಾರೆ ಸೀರೆಗೆಲ್ಲ ಬಣ್ಣ ಹತ್ತೀತು, ಮರುದಿನ ಹಾಕಿಕೋ ಎಂದಷ್ಟೇ ಅಜ್ಜಿ ಹೇಳಿದಳು.