ಗಾಯದ ಗುರುತೇ ವಿಳಾಸವಾದಾಗ

ಕೊರಿಯಾ ಯುದ್ಧದ ಗುಂಡಿನ ಸದ್ದು 1953ರಲ್ಲಿ ಅಡಗಿತು. ತಪ್ಪಿಹೋದವರ ಹುಡುಕಾಟ ಮುಗಿಯಲಿಲ್ಲ. ಗುಳೆ ಹೊರಟ ಜನಜಂಗುಳಿಯಲ್ಲಿ ಹೆತ್ತವರಿಂದ ಬೇರೆಯಾದ ಎಷ್ಟೋ ಮಕ್ಕಳಿಗೆ ತಮ್ಮ ನಿಜವಾದ ಹೆಸರೂ ವಯಸ್ಸೂ ತಿಳಿದಿರಲಿಲ್ಲ. ಇಂಥವರನ್ನು ಕಾಗದಪತ್ರ ನಂಬಿದ ಶೋಧ ಮುಟ್ಟುವುದು ಕಷ್ಟ. 1983ರ ಜೂನ್ 30ರಂದು ದಕ್ಷಿಣ ಕೊರಿಯಾದ ಕೆಬಿಎಸ್ ದೂರದರ್ಶನ ಬೇರೆಯಾದ ಕುಟುಂಬಗಳನ್ನು ಹುಡುಕಲು ಆರಂಭಿಸಿದ ನೇರ ಪ್ರಸಾರ ಗೆದ್ದದ್ದು ಇಲ್ಲಿಯೇ: ಅದು ಗಾಯದ ಕಲೆ, ಮನೆಯ ಗುರುತು, ಬೇರೆಯಾದ ಜಾಗದ ಅರೆಬರೆ ನೆನಪನ್ನೇ ಸಾಕ್ಷ್ಯವೆಂದು ಒಪ್ಪಿತು. ಒಂದೇ ರಾತ್ರಿಗೆಂದು ಯೋಜಿಸಿದ್ದ ಕಾರ್ಯಕ್ರಮ 138 ದಿನ ನಡೆಯಿತು. ಕೆಬಿಎಸ್ ಕೇಂದ್ರವಿರುವ ಸೋಲ್‌ನ ಯೊಯಿಡೊದಲ್ಲಿ ಗೋಡೆಗಳೆಲ್ಲ ಹುಡುಕಾಟದ ಭಿತ್ತಿಪತ್ರಗಳಿಂದ ತುಂಬಿದವು.

ಬಾಲ್ಯದ ನೆನಪು ಮೋಸ ಮಾಡುವುದಿಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಇಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರ ನೆನಪು ಒರೆಗೆ ಹಚ್ಚುತ್ತಿತ್ತು. ಎರಡು ತುಣುಕು ಕೂಡಿದರಷ್ಟೇ ಸಂಬಂಧ. ಅರ್ಜಿ ಹಾಕಿದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಒಂದಾದ ಪ್ರಕರಣಗಳು ಸುಮಾರು ಹತ್ತು ಸಾವಿರ ಮಾತ್ರ ಎಂಬುದೂ ನಿಜ. ಆದರೆ ಮೂವತ್ತು ವರ್ಷದಲ್ಲಿ ಅನೇಕರು ತೀರಿಕೊಂಡಿದ್ದರು, ಗಡಿಯಾಚೆ ಉತ್ತರದಲ್ಲಿದ್ದವರಿಗೆ ದನಿ ತಲುಪುವಂತಿರಲಿಲ್ಲ. ಆ ಕೊರತೆಗೆ ಮಕ್ಕಳ ನೆನಪನ್ನು ದೂರುವುದಕ್ಕಿಂತ, ಅದನ್ನು ಕೇಳಿಸಿಕೊಳ್ಳಲು ಮೂರು ದಶಕ ತಡಮಾಡಿದ ವ್ಯವಸ್ಥೆಯನ್ನೂ ಕದನವಿರಾಮದ ಗೆರೆಯನ್ನೂ ದೂರುವುದು ನ್ಯಾಯ.