ಹೌಸ್‌ವೈಫ್ ಅನ್ನೋ ಶಬ್ದದ ಕಥಿ

ಮೊನ್ನೆ ಒಂದು ಅರ್ಜಿ ತುಂಬ್ಲಿಕ್ಕತ್ತಿದ್ದೆ. ಉದ್ಯೋಗ ಅನ್ನೋ ಕಡೆ ಎಂದಿನಂಗ ‘ಹೌಸ್‌ವೈಫ್’ ಅಂತ ಬರದೆ. ಬಾಜೂಕ ಕೂತಿದ್ದ ಮಗಳು, “ಅಮ್ಮಾ, ಅದು ಹಳೇದಾತು, ಹೋಮ್‌ಮೇಕರ್ ಅಂತ ಬರಿ” ಅಂದ್ಲು. ನಂಗ ಒಂಚೂರು ಚುಚ್ಚಿದಂಗಾತು. ಯಾಕ ಹಳೇದಾತು ಅಂತ ಹುಡುಕಿ ಓದಿದೆ.

ವೈನಿ, ಈ ಶಬ್ದ 13ನೇ ಶತಮಾನದಾಗೇ ಇಂಗ್ಲಿಷಿನೊಳಗ ಇತ್ತು. ಮನಿ ನಡಸೋ ಹೆಂಗಸು ಅಂತ ಅರ್ಥ. ಆಗ ‘ವೈಫ್’ ಅಂದ್ರ ಹೆಂಡ್ತಿ ಅಷ್ಟೇ ಅಲ್ಲ, ಯಾವುದೇ ಹೆಂಗಸು. ಸೂಲಗಿತ್ತಿಗೆ ‘ಮಿಡ್‌ವೈಫ್’ ಅಂತಾರಲ್ಲ, ಅದರಾಗ ಆ ಹಳೇ ಅರ್ಥ ಇನ್ನೂ ಉಳದದ.

ಜನರ ಬಾಯಾಗ ಸವದು ಸವದು ಇದೇ ಶಬ್ದ 16ನೇ ಶತಮಾನದ ಹೊತ್ತಿಗೆ ‘ಹಸ್ಸಿ’ ಅಂತಾತು. ಮೊದಲಿಗೆ ಅದಕ್ಕೂ ಮನಿಯಾಕಿ ಅಂತನೇ ಅರ್ಥ. ಬರಬರತಾ ಬಜಾರಿ, ಕಡೀಕ ನಡತಿಗೆಟ್ಟಾಕಿ ಅನ್ನೋ ಬೈಗಳಾಗಿ ಹೋತು! ಒಂದೇ ಶಬ್ದ ಎರಡಾಗಿ ಒಡದು, ಒಂದು ಒಲಿ ಮುಂದ ಕೂತ್ತು, ಇನ್ನೊಂದು ಬೀದಿಗೆ ಬಿತ್ತು.

‘ಹಸ್ಬೆಂಡ್’ ಅನ್ನೋದರಾಗೂ ಮನಿನೇ ಅದ. ಹಳೇ ನಾರ್ಸ್ ಭಾಷಾದಿಂದ ಬಂದದ್ದು, ಮನಿ ಯಜಮಾನ ಅಂತ ಅರ್ಥ. ಅದಕ್ಕ ಮಾತ್ರ ಯಾರೂ ಮಸಿ ಹಚ್ಚಲಿಲ್ಲ. ನಾವೂ ಗಂಡಗ ‘ಯಜಮಾನ್ರು’ ಅಂತೀವಿ, ನಮಗ ಮಾತ್ರ “ಮನ್ಯಾಗೇ ಇರ್ತಾಳ” ಅಂತಾರ.

ಮಗಳಿಗೆ ಹೇಳಿದೆ: “ಹೊಸಾ ಶಬ್ದ ಬರಕೋ, ಬ್ಯಾಡ ಅನ್ನೂದಿಲ್ಲ. ಆದ್ರ ಮನಿಗೆಲಸಕ್ಕ ಮರ್ಯಾದಿ ಕೊಡದಿದ್ರ ನಾಳೆ ಅದೂ ಹಳೇದಾಗ್ತದ.”

ನಾ ಬರದದ್ದನ್ನ ಹಂಗೇ ಬಿಟ್ಟೆ.